ಪುಡಿ ಬಾಟಲಿಯ ಆ್ಯಂಟಿಬಯಾಟಿಕ್ ಮನೆಗೆ ಬಂದಾಗ

ಮಗುವಿಗೆ ಜ್ವರ ಬಂತು, ಡಾಕ್ಟರು ನೋಡಿ ಚೀಟಿ ಬರೆದರು, ಮೆಡಿಕಲ್ ಶಾಪಿನಿಂದ ತಳದಲ್ಲಿ ಒಂದಿಷ್ಟು ಬಿಳಿ ಪುಡಿ ಇರುವ ಬಾಟಲಿ ಮನೆಗೆ ಬಂತು. ಇನ್ನು ಮುಂದಿನದೆಲ್ಲ ನಮ್ಮ ಅಡುಗೆಮನೆಯಲ್ಲೇ ಆಗಬೇಕು. ನೀರು ಹಾಕುವುದು, ಕುಲುಕುವುದು, ಅಳೆಯುವುದು, ಕುಡಿಸುವುದು, ಕೆಡದ ಹಾಗೆ ಇಡುವುದು. ಮಕ್ಕಳು, ಮೊಮ್ಮಕ್ಕಳು, ಅಕ್ಕಪಕ್ಕದ ಮನೆಯ ಕೂಸುಗಳು ಎಲ್ಲರಿಗೂ ಔಷಧಿ ಕುಡಿಸಿದ ಅನುಭವದಿಂದ ಹೇಳುತ್ತೇನೆ, "ಈ ಔಷಧಿ ನಮ್ಮ ಮಗುವಿಗೆ ಹಿಡಿಸಲಿಲ್ಲ" ಎಂದು ದೂರುವಾಗ ಎಷ್ಟೋ ಸಲ ತಪ್ಪಿರುವುದು ಈ ಅಡುಗೆಮನೆ ಕೆಲಸದಲ್ಲೇ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯ ಮುಂದೆ ನಿಂತೇ ನೋಡಬೇಕಾದದ್ದು ಒಂದಿದೆ. ಒಂದೇ ಹೆಸರಿನ ಔಷಧಿ ಎರಡು ಮೂರು ಪವರ್‌ಗಳಲ್ಲಿ ಬರುತ್ತದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ಪನ್ನೇ ತೆಗೆದುಕೊಳ್ಳಿ. ಒಂದರಲ್ಲಿ 5 ಎಂ.ಎಲ್.ಗೆ 228.5 ಮಿಲಿಗ್ರಾಂ ಎಂದಿರುತ್ತದೆ, ಇನ್ನೊಂದರಲ್ಲಿ 457. ಡಬ್ಬಿಯ ಬಣ್ಣ, ಹೆಸರು ಎರಡೂ ಸರಿಸುಮಾರು ಒಂದೇ. ಡಾಕ್ಟರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು 5 ಎಂ.ಎಲ್. ಬರೆದಿರುತ್ತಾರೆ, ಅಂಗಡಿಯಲ್ಲಿ ಅದು ಇಲ್ಲವೆಂದು ಎರಡನೆಯದನ್ನು ಕೊಟ್ಟಿರುತ್ತಾರೆ. ಅದೇ 5 ಎಂ.ಎಲ್. ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ಎರಡರಷ್ಟು ಔಷಧಿ. ಸೆಫಿಕ್ಸೈಮ್‌ನಲ್ಲಿ 50 ಮತ್ತು 100, ಅಜಿತ್ರೊಮೈಸಿನ್‌ನಲ್ಲಿ 100 ಮತ್ತು 200, ಹೀಗೇ ಎಲ್ಲದರಲ್ಲೂ. ಆದ್ದರಿಂದ ಚೀಟಿಯಲ್ಲಿರುವ ಸಂಖ್ಯೆ ಮತ್ತು ಡಬ್ಬಿಯ ಮೇಲಿನ ಸಂಖ್ಯೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಬೇರೆ ಇದ್ದರೆ "ಅರ್ಧ ಕೊಟ್ಟರಾಯಿತು" ಎಂದು ನಾವೇ ಲೆಕ್ಕ ಹಾಕುವುದು ಬೇಡ. ಡಾಕ್ಟರಿಗೆ ಒಂದು ಫೋನ್ ಮಾಡಿ. ಮಕ್ಕಳಿಗೆ ಔಷಧಿಯ ಪ್ರಮಾಣ ಬರೆಯುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಡಾಕ್ಟರ ಹತ್ತಿರ ಹೋದಾಗಲೇ ಮಗುವನ್ನು ತೂಕಕ್ಕೆ ನಿಲ್ಲಿಸಿ ಎಂದು ಕೇಳಿ, ಹಳೇ ತೂಕ ನೆನಪಿನಿಂದ ಹೇಳಬೇಡಿ.

ಈಗ ಬೆರೆಸುವ ಕೆಲಸ. ಕೆಲವು ಡಬ್ಬಿಗಳಲ್ಲಿ ಪುಡಿಯ ಬಾಟಲಿಯ ಜೊತೆಗೆ ನೀರಿನ ಸಣ್ಣ ಬಾಟಲಿಯನ್ನೂ ಇಟ್ಟಿರುತ್ತಾರೆ. ಅದು ಆ ಪುಡಿಗೇ ಅಳತೆ ಮಾಡಿ ಕೊಟ್ಟ ನೀರು, ಲೇಬಲ್ಲಿನಲ್ಲಿ ಹೇಳಿದಂತೆ ಹಾಕಿ. ಇಲ್ಲದಿದ್ದರೆ ನೀರನ್ನು ಕುದಿಸಿ, ಮುಚ್ಚಿಟ್ಟು, ಪೂರ್ತಿ ತಣ್ಣಗಾದ ಮೇಲೆ ಬಳಸಿ. "ಪೂರ್ತಿ" ಎಂದು ಒತ್ತಿ ಹೇಳುತ್ತಿದ್ದೇನೆ. ಮಗು ಅಳುತ್ತಿದೆ ಎಂಬ ಅವಸರಕ್ಕೆ ಬಿಸಿ ಆರದ ನೀರು ಹಾಕಿದರೆ ಔಷಧಿಯ ಶಕ್ತಿ ಅಲ್ಲೇ ಕುಂದುತ್ತದೆ. ಚೀಟಿ ಕೈಗೆ ಬಂದ ಕೂಡಲೇ ಮನೆಗೆ ಫೋನ್ ಮಾಡಿ ಒಂದು ಲೋಟ ನೀರು ಕುದಿಸಿ ಆರಲು ಇಡಿ ಎಂದು ಹೇಳಿಬಿಟ್ಟರೆ, ನೀವು ಮನೆ ಸೇರುವಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ.

ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿಯನ್ನು ಸಡಿಲ ಮಾಡಿ. ಪುಡಿ ಸರಾಗವಾಗಿ ಜಾರಬೇಕು. ಗಟ್ಟಿಯಾಗಿ ಗಂಟು ಕಟ್ಟಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ತೇವ ಹೋಗಿದೆ ಎಂದರ್ಥ, ಅದನ್ನು ಹಾಗೇ ವಾಪಸ್ ಕೊಡಿ. ಮಳೆಗಾಲದ ಮಲೆನಾಡು, ಕರಾವಳಿಯವರಂತೂ ಇದನ್ನು ಮರೆಯದೆ ನೋಡಬೇಕು. ಬಾಟಲಿಯ ಮೇಲೆ ಒಂದು ಗೆರೆಯೋ ಬಾಣದ ಗುರುತೋ ಇರುತ್ತದೆ. ಒಂದೇ ಸಲಕ್ಕೆ ಆ ಗುರುತಿನವರೆಗೆ ನೀರು ಸುರಿಯಬೇಡಿ. ಮೊದಲು ಗುರುತಿಗಿಂತ ಕೆಳಗೇ ನಿಲ್ಲಿಸಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ. ತಳದ ಮೂಲೆಯಲ್ಲಿ ಪುಡಿ ಅಂಟಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ನೊರೆ ಇಳಿಯಲು ಬಿಡಿ. ನೊರೆ ಇಳಿದ ಮೇಲೆ ಮಟ್ಟ ಗುರುತಿಗಿಂತ ಕೆಳಗೆ ನಿಂತಿರುವುದು ಕಾಣುತ್ತದೆ. ಆಗ ಉಳಿದ ನೀರನ್ನು ಹಾಕಿ ಗುರುತಿಗೆ ಸರಿಮಾಡಿ, ಮತ್ತೊಮ್ಮೆ ಕುಲುಕಿ. ನೊರೆಯನ್ನೇ ಮಟ್ಟವೆಂದು ತಿಳಿದು ನಿಲ್ಲಿಸಿದರೆ ನೀರು ಕಡಿಮೆಯಾಗಿ ಔಷಧಿ ಗಟ್ಟಿಯಾಗುತ್ತದೆ, ಕೊಟ್ಟ ಪ್ರತಿ ಅಳತೆಯೂ ಹೆಚ್ಚು ಹೋಗುತ್ತದೆ. ಗುರುತು ದಾಟಿಸಿದರೆ ತೆಳುವಾಗಿ ಪ್ರತಿ ಅಳತೆಯೂ ಕಡಿಮೆಯಾಗುತ್ತದೆ.

ಬೆರೆಸಿದ ಕೂಡಲೇ ಲೇಬಲ್ಲಿನ ಮೇಲೆ ಬೆರೆಸಿದ ದಿನಾಂಕ ಮತ್ತು ಬಿಸಾಡಬೇಕಾದ ದಿನಾಂಕ ಎರಡನ್ನೂ ಪೆನ್ನಿನಲ್ಲಿ ಬರೆಯಿರಿ. ಡಬ್ಬಿಯ ಮೇಲೆ ಅಚ್ಚಾದ ಎಕ್ಸ್‌ಪೈರಿ ತಾರೀಕು ಒಣ ಪುಡಿಗೆ ಮಾತ್ರ ಸಂಬಂಧಿಸಿದ್ದು. ನೀರು ಸೇರಿದ ಗಳಿಗೆಯಿಂದ ಬೇರೆಯೇ ಲೆಕ್ಕ. ನಮ್ಮಲ್ಲಿ ಸಿಗುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬಾಟಲಿಗಳು ಸಾಮಾನ್ಯವಾಗಿ ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿ 7 ದಿನ. ಬೇರೆಯವಕ್ಕೆ ಲೇಬಲ್ಲಿನಲ್ಲಿ ಬರೆದಷ್ಟೇ ದಿನ.

ಇನ್ನು ಬಾಟಲಿಗಳ ಲೆಕ್ಕ. ಬಾಟಲಿ 30 ಎಂ.ಎಲ್.ನದು, ಡಾಕ್ಟರು 5 ಎಂ.ಎಲ್. ದಿನಕ್ಕೆರಡು ಸಲದಂತೆ 5 ದಿನ ಬರೆದಿದ್ದಾರೆ ಎಂದುಕೊಳ್ಳಿ. ಬೇಕಾದದ್ದು 50 ಎಂ.ಎಲ್., ಒಂದು ಬಾಟಲಿ 3 ದಿನಕ್ಕೇ ಖಾಲಿ. ಬಾಟಲಿ ಮುಗಿಯಿತು, ಕೋರ್ಸೂ ಮುಗಿಯಿತು ಎಂದು ಅಲ್ಲಿಗೇ ಬಿಡುವ ಮನೆಗಳನ್ನು ಬಹಳ ನೋಡಿದ್ದೇನೆ. ಮೊದಲ ದಿನವೇ ಎರಡು ಬಾಟಲಿ ತನ್ನಿ, ಆದರೆ ಎರಡನೆಯದಕ್ಕೆ ನೀರು ಹಾಕುವುದು ಮೊದಲನೆಯದು ಮುಗಿದ ಮೇಲೆ.

ಫ್ರಿಜ್ಜಿನಲ್ಲಿ ಎಲ್ಲಿ ಇಡುತ್ತೀರಿ ಎನ್ನುವುದೂ ಮುಖ್ಯ. ಬಾಗಿಲಲ್ಲಿ ಬೇಡ, ಗಳಿಗೆಗೊಮ್ಮೆ ತೆಗೆದು ಹಾಕುವ ಜಾಗ ಅದು. ಫ್ರೀಜರ್ ಅಂತೂ ಬೇಡವೇ ಬೇಡ. ನಡುವಿನ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ. ಆದರೆ ಎಲ್ಲ ಔಷಧಿಯೂ ಫ್ರಿಜ್ಜಿಗೆ ಹೋಗಬೇಕಾಗಿಲ್ಲ. ಕ್ಲಾರಿತ್ರೊಮೈಸಿನ್ ಸಿರಪ್ಪನ್ನು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ, ಕಹಿ ಹೆಚ್ಚಾಗಿ, ಮಗು ಬಾಯಿಗೇ ಬಿಡುವುದಿಲ್ಲ. ಲೇಬಲ್ ಓದಿ, ಓದಲು ಬಾರದಿದ್ದರೆ ಅಂಗಡಿಯವರನ್ನೇ ಓದಿ ಹೇಳಿ ಎನ್ನಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನೆಯಲ್ಲಿ ಫ್ರಿಜ್ ಇಲ್ಲ, ಅಥವಾ ದಿನಕ್ಕೆ ಏಳೆಂಟು ಗಂಟೆ ಕರೆಂಟ್ ಇರುವುದಿಲ್ಲ ಎಂದಾದರೆ ಡಾಕ್ಟರಿಗೆ ಅಲ್ಲಿಯೇ ಹೇಳಿಬಿಡಿ. ಒಂದು ಚಮಚ ನೀರಿನಲ್ಲಿ ಕರಗಿಸಿ ಕೊಡುವ ಡಿ.ಟಿ. ಮಾತ್ರೆಗಳು ಬರುತ್ತವೆ. ಅಮಾಕ್ಸಿಸಿಲಿನ್, ಸೆಫಿಕ್ಸೈಮ್ ಎರಡೂ ಆ ರೂಪದಲ್ಲಿ ಸಿಗುತ್ತವೆ. ಅವಕ್ಕೆ ಫ್ರಿಜ್ ಬೇಡ, ಬೆರೆಸುವ ತಾಪತ್ರಯವಿಲ್ಲ, ಎಷ್ಟೋ ಸಲ ನನಗೆ ಬಾಟಲಿಗಿಂತ ಅವೇ ಮೇಲು ಅನ್ನಿಸಿದೆ.

ಪ್ರತಿ ಸಲ ಕೊಡುವ ಮುಂಚೆಯೂ ಬಾಟಲಿ ಕುಲುಕಬೇಕು. ಔಷಧಿ ನೀರಿನಲ್ಲಿ ಸಕ್ಕರೆಯಂತೆ ಕರಗಿರುವುದಿಲ್ಲ, ಬರಿದೇ ತೇಲಿಕೊಂಡಿರುತ್ತದೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಕುಲುಕದೆ ಕೊಡುತ್ತಾ ಹೋದರೆ ಮೊದಲ ದಿನಗಳಲ್ಲಿ ಬರೀ ಸಿಹಿನೀರು, ಕೊನೆಯ ದಿನ ಮಡ್ಡಿಯಂಥ ಗಟ್ಟಿ ಔಷಧಿ.

ಅಳತೆಗೆ ಅಡುಗೆಮನೆಯ ಚಮಚ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ, ಒಂದೇ ಮನೆಯ ಸಾರಿನ ಚಮಚ, ಕಾಫಿ ಚಮಚ ಬೇರೆ ಬೇರೆ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವಿದ್ದರೆ ಅದನ್ನು ಸಮನಾದ ಕಟ್ಟೆಯ ಮೇಲಿಟ್ಟು, ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ಕೈಯಲ್ಲಿ ಎತ್ತಿ ಹಿಡಿದರೆ ಮುಚ್ಚಳ ವಾಲುತ್ತದೆ. ಪುಟ್ಟ ಕೂಸುಗಳಿಗಂತೂ ಸೂಜಿ ಇಲ್ಲದ, ಬಾಯಿಗೆ ಔಷಧಿ ಹಾಕುವ ಸಿರಿಂಜೇ ಸರಿ. 2.5 ಎಂ.ಎಲ್., 3.5 ಎಂ.ಎಲ್. ಎಂದೆಲ್ಲ ಬರೆದಾಗ ಮುಚ್ಚಳದಲ್ಲಿ ಅಂದಾಜೇ ಆಗುತ್ತದೆ, ಸಿರಿಂಜಿನಲ್ಲಿ ಗೆರೆಗೆ ಸರಿಯಾಗಿ ಸಿಗುತ್ತದೆ. ಔಷಧಿಯನ್ನು ಶುಚಿಯಾದ ಪುಟ್ಟ ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಂಡು ಅದರಿಂದ ಎಳೆದುಕೊಳ್ಳಿ. ಗಾಳಿಗುಳ್ಳೆ ಬಂದರೆ ಸಿರಿಂಜನ್ನು ಮೇಲ್ಮುಖವಾಗಿ ಹಿಡಿದು, ತಟ್ಟಿ, ಗಾಳಿ ಹೊರದೂಡಿ ಮತ್ತೆ ಗೆರೆ ನೋಡಿ. ಬಟ್ಟಲಲ್ಲಿ ಉಳಿದದ್ದನ್ನು ಬಾಟಲಿಗೆ ತಿರುಗಿ ಸುರಿಯಬೇಡಿ.

ಕುಡಿಸುವ ಬಗೆಯಲ್ಲಿ ನಮ್ಮ ಹಿರಿಯರ ಒಂದು ಪದ್ಧತಿಯನ್ನು ಬಿಡಲೇಬೇಕು. ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು, ಬಾಯಿ ತೆರೆದಾಗ ಒಳಲೆಯಿಂದ ಗಂಟಲಿಗೇ ಸುರಿಯುವುದು. ಬಜೆ ತೇಯ್ದು ಕುಡಿಸಿದ ಕೈಗಳಿಗೆ ಅದು ಅಭ್ಯಾಸವಾಗಿಹೋಗಿದೆ, ನನ್ನ ಅತ್ತೆಯ ಒಳಲೆ ಈಗಲೂ ನಮ್ಮ ಮನೆಯಲ್ಲಿದೆ. ಆದರೆ ಮೂಗು ಹಿಡಿದಾಗ ಮಗು ಉಸಿರೆಳೆದುಕೊಳ್ಳುತ್ತದೆ, ಔಷಧಿ ಶ್ವಾಸನಾಳಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಒಳಲೆಗೆ ಅಳತೆಯ ಗೆರೆಯೂ ಇಲ್ಲ. ಮಗುವನ್ನು ತಲೆ ಎತ್ತರದಲ್ಲಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡು, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ತಂದು, ಸ್ವಲ್ಪ ಸ್ವಲ್ಪವೇ ಬಿಡಿ. ನುಂಗಿದ ಮೇಲೆ ಮುಂದಿನ ತೊಟ್ಟು. ಅಳುತ್ತಿರುವಾಗ ನಿಲ್ಲಿಸಿ, ಸಮಾಧಾನವಾದ ಮೇಲೆ ಮುಂದುವರಿಸಿ.

ಹಾಲಿನ ಬಾಟಲಿಗೆ ಔಷಧಿ ಬೆರೆಸುವುದೂ ಬೇಡ. ಹಾಲು ಅರ್ಧ ಕುಡಿದು ಬಿಟ್ಟರೆ ಔಷಧಿ ಎಷ್ಟು ಒಳಹೋಯಿತು ಎಂದು ಯಾರು ಹೇಳುವುದು? ಕಹಿ ಮರೆಸಲು ಔಷಧಿಯ ನಂತರ ಒಂದು ಚೂರು ಬೆಲ್ಲವೋ ಬಾಳೆಹಣ್ಣೋ ಕೊಡಬಹುದು. ಜೇನುತುಪ್ಪ ಮಾತ್ರ ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಲೂಬೇಡಿ, ಅದರಿಂದ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಊಟದ ವಿಚಾರಕ್ಕೆ ಬಂದರೆ, ಅಮಾಕ್ಸಿಸಿಲಿನ್-ಕ್ಲಾವುಲನೇಟನ್ನು ಊಟದ ಶುರುವಿನಲ್ಲೇ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ. ದೊಡ್ಡವರಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥವನ್ನು ಹಾಲು, ಮೊಸರು, ಕಬ್ಬಿಣ-ಕ್ಯಾಲ್ಸಿಯಂ ಮಾತ್ರೆಗಳ ಜೊತೆಗೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ಎಷ್ಟು ಅಂತರ ಬೇಕೆಂದು ಕೇಳಿಕೊಳ್ಳಿ.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ, ಅಂದರೆ 12 ಗಂಟೆಗೊಮ್ಮೆ. ಬೆಳಿಗ್ಗೆ 10ಕ್ಕೆ ಕೊಟ್ಟು ಸಂಜೆ 6ಕ್ಕೇ ಮುಗಿಸಿಬಿಡುವುದಲ್ಲ. ಮೂರು ಸಲವಿದ್ದರೆ ಹೆಚ್ಚುಕಡಿಮೆ 8 ಗಂಟೆಗೊಮ್ಮೆ. ಒಂದು ಸಲ ಮರೆತರೆ ನೆನಪಾದಾಗ ಕೊಡಿ, ಮುಂದಿನ ಹೊತ್ತು ಹತ್ತಿರವೇ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಸಲದ್ದನ್ನು ಒಟ್ಟಿಗೆ ಕೊಡಬೇಡಿ. ಅಜ್ಜಿ ಕೊಟ್ಟದ್ದು ಅಮ್ಮನಿಗೆ ಗೊತ್ತಿಲ್ಲ, ಅಮ್ಮ ಕೊಟ್ಟದ್ದು ಅಪ್ಪನಿಗೆ ಗೊತ್ತಿಲ್ಲ ಎಂದಾಗಿ ಮಗುವಿಗೆ ಎರಡೆರಡು ಸಲ ಹೋಗುವುದುಂಟು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿ, ಕೊಟ್ಟವರು ಕೊಟ್ಟ ಕೂಡಲೇ ಗೀಟು ಹಾಕಲಿ. ಕುಡಿಸಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಎಷ್ಟು ನಿಮಿಷಕ್ಕಾಯಿತು ಎಂದು ನೋಡಿಕೊಂಡು ಡಾಕ್ಟರಿಗೆ ಫೋನ್ ಮಾಡಿ, ಮತ್ತೆ ಕೊಡಬೇಕೋ ಬೇಡವೋ ಅವರೇ ಹೇಳುತ್ತಾರೆ.

ಎರಡು ದಿನಕ್ಕೆ ಜ್ವರ ಇಳಿದು ಮಗು ಆಡತೊಡಗಿದರೆ ನಮ್ಮ ಕೈ ತಾನಾಗಿ ಸಡಿಲವಾಗುತ್ತದೆ. ಅಲ್ಲಿ ಗಟ್ಟಿಯಾಗಿರಬೇಕು, ಡಾಕ್ಟರು ಹೇಳಿದಷ್ಟು ದಿನ ಕೊಡಲೇಬೇಕು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಗಂಟಲುನೋವಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ 10 ದಿನ ಬರೆಯುವುದು ಸುಮ್ಮನೆ ಅಲ್ಲ, ಅದು ಪೂರ್ತಿ ಹೋಗದಿದ್ದರೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಕ್ಕೇ ತೊಂದರೆ ಕೊಡಬಹುದು. ಟೈಫಾಯಿಡ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ಆತುರ. ಸರಿಯಾದ ಔಷಧಿ ಕೊಡುತ್ತಿದ್ದರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಮೂರನೇ ದಿನವೇ ಔಷಧಿ ಕೆಲಸ ಮಾಡುತ್ತಿಲ್ಲವೆಂದು ಇನ್ನೊಬ್ಬ ಡಾಕ್ಟರ ಹತ್ತಿರ ಓಡಿ ಔಷಧಿ ಬದಲಾಯಿಸುವವರಿದ್ದಾರೆ. ಮಗು ತೀರಾ ಸುಸ್ತಾದರೆ, ನೀರೂ ಕುಡಿಯದಿದ್ದರೆ, ಹೊಟ್ಟೆ ಬಿಗಿದು ನೋವೆಂದರೆ ಮಾತ್ರ ತಡಮಾಡದೆ ಹೋಗಿ, ಅದೂ ಮೊದಲು ನೋಡಿದ ಡಾಕ್ಟರ ಹತ್ತಿರವೇ.

ಈ ಔಷಧಿಗಳಿಂದ ಭೇದಿ ಸ್ವಲ್ಪ ಆಗುವುದು ಸಾಮಾನ್ಯ. ಓ.ಆರ್.ಎಸ್., ಗಂಜಿ, ಮೊಸರನ್ನ ಕೊಡುತ್ತಿರಿ, ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ. ಮೈಮೇಲೆ ದದ್ದು ಎದ್ದರೆ ಮುಂದಿನ ಸಲದ್ದು ಕೊಡುವ ಮೊದಲು ಡಾಕ್ಟರನ್ನು ಕೇಳಿ. ತುಟಿ ಅಥವಾ ಕಣ್ಣರೆಪ್ಪೆ ಊದಿದರೆ, ಉಸಿರಾಟದಲ್ಲಿ ಸುಯ್ ಸುಯ್ ಶಬ್ದ ಬಂದರೆ, ಒಂದು ನಿಮಿಷವೂ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಯಾವ ಔಷಧಿಗೆ ಹಾಗಾಯಿತು ಎಂದು ಮಗುವಿನ ಲಸಿಕೆ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ, ಮುಂದೆ ಯಾವ ಡಾಕ್ಟರಿಗೆ ತೋರಿಸಿದರೂ ಮೊದಲು ಅದನ್ನೇ ಹೇಳಿ.

ನೆಗಡಿ, ಮೂಗು ಸೋರುವುದು, ಸಾಮಾನ್ಯ ಕೆಮ್ಮು ಬಹುಪಾಲು ವೈರಸ್ಸಿನಿಂದ ಬರುವಂಥವು. ಅವಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಡಾಕ್ಟರು ಬೇಡವೆಂದರೆ "ಒಂದು ಬರೆದುಕೊಡಿ ಸಾರ್" ಎಂದು ಒತ್ತಾಯ ಮಾಡಬೇಡಿ, ಹಾಗೆ ಬೇಡವೆನ್ನುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ. ಡಬ್ಬಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುವ ಔಷಧಿ ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಸೆಫಿಕ್ಸೈಮ್‌ನಂಥವು 2014ರಿಂದ ಶೆಡ್ಯೂಲ್ ಎಚ್1 ಎಂಬ, ಮಾರಾಟಕ್ಕೆ ಬಿಗಿ ಕಾನೂನಿರುವ ಔಷಧಿಗಳ ಪಟ್ಟಿಯಲ್ಲಿವೆ, ಅಂಗಡಿಯವರು ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ಬರೆದಿಡಬೇಕು. ಅಕ್ಕನಿಗೆ ತಂದದ್ದನ್ನು ತಮ್ಮನಿಗೂ ಕುಡಿಸುವುದು, ಪಕ್ಕದ ಮನೆಯವರಿಗೆ ಅರ್ಧ ಬಾಟಲಿ ಕೊಡುವುದು ಪ್ರೀತಿಯಿಂದಲೇ ಮಾಡುವ ಕೆಲಸ, ಆದರೂ ಮಾಡಬಾರದು. ಮನೆಯ ಹಿರಿಯರು ಮಾತ್ರೆ ನುಂಗಲಾಗದೆ ಸಿರಪ್ ತೆಗೆದುಕೊಳ್ಳುವುದಿದ್ದರೆ ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇವನ್ನೆಲ್ಲ ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ಕೋರ್ಸ್ ಮುಗಿದು ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ, ಸಿಂಕಿಗೂ ಚೆಲ್ಲಬೇಡಿ. ಹಳೇ ಔಷಧಿಯನ್ನು ಮನೆಯ ಅಪಾಯಕಾರಿ ಕಸವೆಂದೇ ಪರಿಗಣಿಸಬೇಕು. ಕಾಗದದಲ್ಲಿ ಸುತ್ತಿ, ಹಸಿ ಕಸಕ್ಕೆ ಸೇರಿಸದೆ, ಬೇರೆಯಾಗಿ ಕಸದವರ ಕೈಗೆ ಕೊಡಿ, ಒಳಗೆ ಔಷಧಿಯಿದೆ ಎಂದು ಬಾಯಿಬಿಟ್ಟು ಹೇಳಿ. ನೀರು ಹಾಕದೆ, ಸೀಲ್ ಒಡೆಯದೆ ಉಳಿದ ಬಾಟಲಿಯಾದರೆ ಬಿಲ್ ತೋರಿಸಿ ಕೇಳಿದರೆ ಎಷ್ಟೋ ಅಂಗಡಿಗಳಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆ, ಅದಕ್ಕೇ ಬಿಲ್ಲನ್ನು ಕೋರ್ಸ್ ಮುಗಿಯುವವರೆಗೆ ಡಬ್ಬಿಯೊಳಗೇ ಮಡಚಿಟ್ಟಿರಿ.