ಹೊಸ ಸಭೆ ತನ್ನ ಧ್ಯೇಯವನ್ನು ಕಂಡುಕೊಂಡ ಬಗೆ: ನನ್ನ ಅನುಭವ

ಮನೆಯೊಂದರಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದ ಒಂಬತ್ತು ಕುಟುಂಬಗಳು ಇನ್ನು ಮುಂದೆ ಒಂದು ಕ್ರೈಸ್ತ ಸಭೆಯಾಗಿ ನಡೆಯಬೇಕೆಂದು ತೀರ್ಮಾನಿಸಿ, ಸಭಾಪಾಲನೆಯ ಹೊಣೆಯನ್ನು ನನಗೆ ಒಪ್ಪಿಸಿದಾಗ, ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಒಂದು ವಾರ ಒಬ್ಬನೇ ಕುಳಿತು, ಮತ್ತಾಯನ ಸುವಾರ್ತೆಯ 28ನೇ ಅಧ್ಯಾಯದ ಕೊನೆಯಲ್ಲಿ ಎಲ್ಲ ಜನಾಂಗಗಳವರನ್ನು ಶಿಷ್ಯರನ್ನಾಗಿ ಮಾಡಿರೆಂದು ಯೇಸು ಕೊಟ್ಟ ಆಜ್ಞೆಯ ಆಧಾರದ ಮೇಲೆ ಸಭೆಯ ಧ್ಯೇಯವನ್ನು ಐದು ಸಾಲುಗಳಲ್ಲಿ ಬರೆದು, ಭಾನುವಾರದ ಆರಾಧನೆಯ ನಂತರ ಓದಿದೆ. ಎಲ್ಲರೂ ಆಮೆನ್ ಎಂದರು. ಆರು ತಿಂಗಳ ಬಳಿಕ ಅವುಗಳಲ್ಲಿ ಒಂದು ಸಾಲನ್ನಾದರೂ ನೆನಪಿನಿಂದ ಹೇಳಬಲ್ಲವರು ಯಾರೂ ಇರಲಿಲ್ಲ. ಅವರನ್ನು ದೂರುವಂತಿರಲಿಲ್ಲ. ನಾನು ಬರೆದದ್ದು ಯಾವ ಸಭೆಗಾದರೂ ಹೊಂದುವಂತಿತ್ತು. ಈ ಒಂಬತ್ತು ಕುಟುಂಬಗಳ ಗುರುತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆ ದಿನಗಳಲ್ಲಿ ಬೈಬಲಿನ ನೆಹೆಮೀಯನ ಗ್ರಂಥದ ಎರಡನೆಯ ಅಧ್ಯಾಯವನ್ನು ಮತ್ತೆ ಓದಿದೆ. ಪಟ್ಟಣದ ಗೋಡೆಯನ್ನು ಮತ್ತೆ ಕಟ್ಟಿಸಲು ಯೆರೂಸಲೇಮಿಗೆ ಬಂದ ನೆಹೆಮೀಯನು ಮೂರು ದಿನ ಕಳೆದ ಮೇಲೆ, ತನ್ನ ಉದ್ದೇಶವನ್ನು ಯಾರಿಗೂ ತಿಳಿಸದೆ, ರಾತ್ರಿಯ ವೇಳೆ ಕೆಲವೇ ಜನರೊಂದಿಗೆ ಹೊರಟು ಬಿದ್ದ ಗೋಡೆಗಳನ್ನೂ ಸುಟ್ಟ ಬಾಗಿಲುಗಳನ್ನೂ ಕಣ್ಣಾರೆ ನೋಡಿಕೊಂಡು ಬರುತ್ತಾನೆ. ಜನರ ಮುಂದೆ ಮಾತು ತೆಗೆಯುವುದು ಅದಾದ ನಂತರವೇ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ.

ಹೀಗಾಗಿ ನನ್ನ ಪತ್ನಿಯೂ ನಾನೂ ಎರಡು ತಿಂಗಳ ಕಾಲ ಒಂದೊಂದೇ ಮನೆಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಿದೆವು. ಈ ಗುಂಪಿನ ಮೂಲಕ ದೇವರು ಹತ್ತಿರವಿದ್ದಾನೆಂದು ನಿಮಗೆ ಅನ್ನಿಸಿದ್ದು ಯಾವಾಗ? ನಿಮ್ಮ ಸುತ್ತಲಿನ ಯಾರ ಕಷ್ಟ ನಿಮ್ಮ ಮನಸ್ಸಿನಲ್ಲಿ ಭಾರವಾಗಿ ಉಳಿದಿದೆ? ನಾಳೆ ನಮ್ಮ ಸಭೆ ನಿಂತುಹೋದರೆ ಹೊರಗಿನವರಲ್ಲಿ ಯಾರಿಗಾದರೂ ಅದರ ಕೊರತೆ ತಟ್ಟುತ್ತದೆಯೇ? ಮನೆಯ ಹಿರಿಯರು ಎಲ್ಲರ ಪರವಾಗಿ ಉತ್ತರಿಸಿಬಿಡುವುದು ಸಾಮಾನ್ಯವಾದ್ದರಿಂದ, ಸೊಸೆಯಂದಿರೊಂದಿಗೂ ಹರೆಯದ ಮಕ್ಕಳೊಂದಿಗೂ ನನ್ನ ಪತ್ನಿ ಬೇರೆಯಾಗಿ ಕುಳಿತು ಮಾತನಾಡಿದಳು. ಕೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡೆವು. ಬೋಧಕನ ಭಾಷೆಗೆ ಅದನ್ನು ತಿದ್ದುವ ಆಸೆಯನ್ನು ನಾನು ಬಹಳ ಕಷ್ಟದಿಂದ ತಡೆದುಕೊಳ್ಳಬೇಕಾಯಿತು.

ಮೂರನೆಯ ಪ್ರಶ್ನೆಗೆ ಎಲ್ಲ ಮನೆಗಳಲ್ಲಿಯೂ ಮೌನವೇ ಉತ್ತರವಾಯಿತು. ಮೊದಲನೆಯದಕ್ಕೆ ಬಂದ ಉತ್ತರಗಳು ಮಾತ್ರ ನಾನು ಎಣಿಸಿದ್ದಕ್ಕಿಂತ ಬೇರೆಯಾಗಿದ್ದವು. ನನ್ನ ಬೋಧನೆಗಳ ಮಾತು ಹೆಚ್ಚು ಬರಲಿಲ್ಲ. ಆರು ಮನೆಗಳವರು ಕಾಯಿಲೆಯ ದಿನಗಳನ್ನು ನೆನೆದರು. ವಯಸ್ಸಾದ ಒಬ್ಬ ತಾಯಿ ಹೀಗೆ ಹೇಳಿದರು: "ನಮ್ಮ ಯಜಮಾನರು ಹಾಸಿಗೆ ಹಿಡಿದಿದ್ದಾಗ ಇವರು ಬಂದು, 'ಅಮ್ಮಾ, ಈ ರಾತ್ರಿ ನೀವು ಮಲಗಿ, ನಾವು ನೋಡಿಕೊಳ್ಳುತ್ತೇವೆ' ಎಂದರು. ಅವತ್ತು ನಾನು ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದೆ." ನಾನು ಹೊರಗಿನಿಂದ ತರಲು ಹೋಗಿದ್ದ ಧ್ಯೇಯ ಇವರ ನಡುವೆ ಹೆಸರಿಲ್ಲದೆ ಆಗಲೇ ನಡೆಯುತ್ತಿತ್ತು.

ಬರೆದುಕೊಂಡ ಉತ್ತರಗಳನ್ನು ಹೆಸರು ಹೇಳದೆ ಸಭೆಯ ಮುಂದೆ ಓದಿದಾಗ ಒಮ್ಮತವೇನೂ ಮೂಡಲಿಲ್ಲ. ರೋಗಿಗಳ ಆರೈಕೆ ಒಳ್ಳೆಯದೇ ಆದರೂ ಸಭೆಯ ಕೆಲಸ ಸುವಾರ್ತೆ ಸಾರುವುದೆಂದು ಇಬ್ಬರು ಸಹೋದರರು ಗಟ್ಟಿಯಾಗಿ ವಾದಿಸಿದರು. ಅವರ ಕಾಳಜಿ ನಿಜವಾದದ್ದು ಎಂದು ನಾನು ಈಗಲೂ ನಂಬುತ್ತೇನೆ. ಆ ಸಂಜೆ ಮತ ಹಾಕಿಸದೆ, ಯೇಸುವಿನ ಮೊದಲ ಶಿಷ್ಯರ ಕಾಲದ ಸಭೆಯನ್ನು ಕುರಿತ ಬೈಬಲಿನ ಗ್ರಂಥವಾದ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನು ಮೂರು ವಾರ ಒಟ್ಟಿಗೆ ಓದಿದೆವು. ಗ್ರೀಕ್ ಮಾತಾಡುವ ವಿಧವೆಯರನ್ನು ದಿನದಿನದ ಉಪಚಾರದಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಾಗ ಆ ಕೆಲಸವನ್ನು ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಿದ ಘಟನೆ ಅದು. ಆ ದಿನದಿನದ ಉಪಚಾರಕ್ಕೂ ಅಪೊಸ್ತಲರು ಮಾಡುತ್ತಿದ್ದ ದೇವರ ವಾಕ್ಯದ ಉಪದೇಶಕ್ಕೂ ಮೂಲ ಗ್ರೀಕ್ ಪಠ್ಯದಲ್ಲಿ ಬಳಸಿರುವುದು 'ದಿಯಕೊನಿಯ', ಅಂದರೆ ಸೇವೆ, ಎಂಬ ಒಂದೇ ಪದ. ಇದು ತಿಳಿದ ಮೇಲೆ ಸಹೋದರರಲ್ಲಿ ಒಬ್ಬರು ನಮ್ಮೊಂದಿಗೆ ನಿಂತರು. ಇನ್ನೊಬ್ಬರು ಕುಟುಂಬದೊಂದಿಗೆ ಬೇರೆ ಸಭೆಗೆ ಹೋದರು. ಪ್ರಾರ್ಥಿಸಿ, ಆಶೀರ್ವದಿಸಿ ಕಳುಹಿಸಿಕೊಟ್ಟೆವು, ಆದರೂ ನೋವಾಯಿತು.

ಹೊಸ ಧ್ಯೇಯವಾಕ್ಯವನ್ನು ರಚಿಸುವ ಮೊದಲು ಮೂರು ತಿಂಗಳು ಕೆಲಸವನ್ನೇ ಮಾಡಿ ನೋಡೋಣವೆಂದು ಒಪ್ಪಿಕೊಂಡೆವು. ಇಬ್ಬಿಬ್ಬರಾಗಿ, ಸಭೆಯ ಹೊರಗಿನ ಮನೆಗಳಿಗೂ ಹೋಗಿ, ರೋಗಿಯ ಬಳಿ ಕುಳಿತು ಆರೈಕೆ ಮಾಡುವವರಿಗೆ ಬಿಡುವು ಕೊಡುವುದು ಆ ಕೆಲಸ. ಅದಕ್ಕೆ ಸಮಯ ಬೇಕಾದ್ದರಿಂದ ವಾರದ ನಡುವಿನ ಎರಡು ಕೂಟಗಳಲ್ಲಿ ಒಂದನ್ನು ನಿಲ್ಲಿಸಿದೆವು. ಯಾವುದನ್ನೂ ಬಿಡದೆ ಹೊಸದನ್ನು ಹೊರಿಸಿದ್ದರೆ ಜನ ಎರಡನೆಯ ತಿಂಗಳಿಗೇ ದಣಿಯುತ್ತಿದ್ದರೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಮೂರು ತಿಂಗಳು ಮುಗಿದಾಗ ಧ್ಯೇಯವಾಕ್ಯವನ್ನು ಆ ವೃದ್ಧ ತಾಯಿಯ ಮಾತಿನಿಂದಲೇ ತೆಗೆದುಕೊಂಡೆವು: ಕ್ರಿಸ್ತನ ಪ್ರೀತಿಯಿಂದ, ದಣಿದವರ ಬದಲು ಎಚ್ಚರವಾಗಿರುವುದು. ಅದನ್ನು ಮಕ್ಕಳೂ ಹೇಳಬಲ್ಲರು.

ವರ್ಷ ತುಂಬಿದಾಗ ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕೇಳಿದೆವು. ಮೂರನೆಯದಕ್ಕೆ ಈ ಸಾರಿ ನಾಲ್ಕು ಮನೆಗಳ ಹೆಸರು ಬಂದವು. ಅವುಗಳಲ್ಲಿ ಒಂದರವರು ನಮ್ಮ ಪ್ರಾರ್ಥನೆ ಬೇಡವೆಂದು ಮೊದಲೇ ತಿಳಿಸಿದ್ದರು. ಅಲ್ಲಿ ಕುಳಿತಿರುವುದಷ್ಟೇ ನಮ್ಮ ಸೇವೆ. ಪ್ರಾರ್ಥನೆಯನ್ನು ಮನೆಗೆ ಹಿಂತಿರುಗುವ ದಾರಿಯಲ್ಲಿ ಮಾಡುತ್ತೇವೆ.