ಹಳೇ ಗೋಡೆಗೆ ಸಿಮೆಂಟ್ ಮೆತ್ತಬೇಡಿ: ನನ್ನ ಅನುಭವ

ಹಳೇ ಕಟ್ಟಡಗಳು ವಯಸ್ಸಾಗಿ ಬೀಳುತ್ತವೆ ಎಂದು ಜನ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಅವನ್ನು ಜಾಸ್ತಿ ಹಾಳು ಮಾಡುವುದು ನೀರು. ಅದರ ಹಿಂದೆಯೇ ಸಿಮೆಂಟ್ ಬರುತ್ತದೆ.

ಮೈಸೂರಿನಲ್ಲಿ ನಾವು ಕೆಲವರು ಸೇರಿ ಇಂಥ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುತ್ತೇವೆ. ಇಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ರಿಪೇರಿ ಮಾಡಬೇಕೋ ಎಂದು ಊರೆಲ್ಲ ವಾದ ಮಾಡಿತು. ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕಿದವರಲ್ಲ. ನಮ್ಮದೇನಿದ್ದರೂ ಛತ್ರ, ತೊಟ್ಟಿ ಮನೆ, ವಾಚನಾಲಯ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಬೀದಿ ಬದಿಯ ತೊಟ್ಟಿ ಮನೆಗೆ ಆ ಕಾವಲೆಲ್ಲಿ? ಮಾಲೀಕರು ಮನಸ್ಸು ಮಾಡಿದರೆ ಉಂಟು.

ಹೀಗಾಗಿ ಮೊದಲ ಕೆಲಸ ಮಾಲೀಕರ ಜೊತೆ ಕಾಫಿ. ಅಣ್ಣ ತಮ್ಮಂದಿರ ಪಾಲಿನ ತಕರಾರು ಇದ್ದರೆ ಸುಮ್ನೆ ಎದ್ದು ಬರುತ್ತೇವೆ. ಗಾರೆಯಿಂದ ಮುಚ್ಚುವ ಬಿರುಕಲ್ಲ ಅದು. ಒಪ್ಪಿದರೆ ಅಳತೆ ತೆಗೆದು ನಕ್ಷೆ ಬರೆಯುತ್ತೇವೆ, ಫೋಟೋ ತೆಗೆಯುತ್ತೇವೆ.

ಬಿರುಕು ಕಂಡ ಕೂಡಲೇ ಮುಚ್ಚುವುದಿಲ್ಲ. ಅದರ ಅಡ್ಡಕ್ಕೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯುತ್ತೇವೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ಪಾಯ ನೋಡಬೇಕು. ಮಳೆಗಾಲ ದಾಟಿದರೂ ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ಮುಚ್ಚಬಹುದು.

ಒಂದು ಛತ್ರದಲ್ಲಿ ಗೋಡೆಯ ಕೆಳಭಾಗಕ್ಕೆ ಯಾರೋ ಸಿಮೆಂಟ್ ಬಳಿದಿದ್ದರು. ನೋಡಲು ಗಟ್ಟಿ. ಬೆರಳ ಗೆಣ್ಣಿನಿಂದ ಬಡಿದರೆ ಡಬಡಬ ಸದ್ದು. ಒಡೆದು ನೋಡಿದರೆ ಒಳಗಿನ ಇಟ್ಟಿಗೆ ಒದ್ದೆ, ಸಂದಿನ ಗಾರೆ ಕೈಗೆ ಪುಡಿಪುಡಿ. ಸುಣ್ಣದ ಗಾರೆಯ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಆಗ ತೇವ ಮೇಲಕ್ಕೆ ಏರುತ್ತದೆ. ಅದರ ಜೊತೆ ಬಂದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಉದುರಿಸುತ್ತದೆ.

ಸಿಮೆಂಟನ್ನೆಲ್ಲ ಉಳಿಯಿಂದ ಮೆಲ್ಲಗೆ ಕೆತ್ತಿ ತೆಗೆದೆವು. ಗೋಡೆ ಆರಲು ಬಿಟ್ಟೆವು. ಅಷ್ಟರಲ್ಲಿ ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ವಾರಗಟ್ಟಲೆ ಗುಂಡಿಯಲ್ಲಿ ನೆನೆಯಲು ಬಿಟ್ಟಿದ್ದೆವು. ಅದಕ್ಕೆ ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು. "ಒಂದು ಬಾಂಡಲಿ ಸಿಮೆಂಟ್ ಸೇರಿಸಿದ್ರೆ ಬೇಗ ಹಿಡಿಯುತ್ತೆ ಸಾರ್" ಎಂದು ಹುಡುಗರು ದಿನಾ ಕೇಳುತ್ತಿದ್ದರು. ವಯಸ್ಸಾದ ಮೇಸ್ತ್ರಿಯೊಬ್ಬರು ಮಾತ್ರ ಕೇಳಲಿಲ್ಲ. ಅವರು ಮೊದಲು ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಒಂದೊಂದೇ ಪದರ ಎಳೆದರು. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಟ್ಟರು. ಈ ಕೆಲಸ ಗೊತ್ತಿರುವವರು ಸಿಗುವುದು ಹಣ ಸಿಗುವುದಕ್ಕಿಂತ ಕಷ್ಟ.

ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದ್ದರೆ ಎಳೆಯಬೇಡಿ, ಇಟ್ಟಿಗೆಯೂ ಜೊತೆಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯಿಸಿ, ಆಮೇಲೆ ಸಂದು ತುಂಬಬೇಕು.

ಆ ಛತ್ರವನ್ನು ಈಗ ನಾಮಕರಣ, ಸಣ್ಣಪುಟ್ಟ ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಾರೆ. ಮುಂಗಾರಿಗೆ ಮುಂಚೆ ತಾರಸಿಯ ನೀರು ಕೊಳವೆಗಳಿಂದ ಎಲೆ ತೆಗೆಸುವ ಖರ್ಚು ಅದರಲ್ಲೇ ಹುಟ್ಟುತ್ತದೆ. ಮೇ ತಿಂಗಳಲ್ಲಿ ನಾನೇ ಫೋನ್ ಮಾಡಿ ನೆನಪಿಸುತ್ತೇನೆ.