ಬಿಡಾರ ಹೂಡುವ ಮೊದಲು ಬೆಂಕಿ ಬೇಕಾ ಕೇಳಿ

ಶಿರಸಿಯ ನಮ್ಮ ಭಾನುವಾರದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ದಾಳ ಉರುಳಿಸುತ್ತಾ, ಒಬ್ಬೊಬ್ಬರೂ ಒಂದು ಪಾತ್ರವಾಗಿ ಕಥೆ ಆಡುವ ಆಟ) ಆಟದಲ್ಲಿ ಕಥೆ ನಡೆಸುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಪಾತ್ರಗಳು ನಡೆಯುವ ದಾರಿಯ ಪ್ರತಿ ಗಂಟೆಗೂ, ಅಪಾಯ ಬರುತ್ತದಾ ಅಂತ ದಾಳ ಉರುಳಿಸುತ್ತಿದ್ದೆ. ನಾಲ್ಕನೇ ಸಲ ತೋಳ ಬಂದಾಗ ಒಬ್ಬ ಸುಮ್ನೆ ಫೋನ್ ತೆಗೆದು ಕೂತ.

ಈಗ ಹಗಲಿಗೊಂದು, ರಾತ್ರಿಗೊಂದು. ಇಪ್ಪತ್ತು ಮುಖದ ದಾಳದಲ್ಲಿ 18 ಅಥವಾ ಜಾಸ್ತಿ ಬಿದ್ದರೆ ಅಪಾಯ. ರಾತ್ರಿಯದ್ದಕ್ಕೆ ಮೊದಲು ಆಟಗಾರರಿಗೆ ಎರಡೇ ಪ್ರಶ್ನೆ: ಬೆಂಕಿ ಹಾಕ್ತೀರಾ? ಕಾವಲಿಗೆ ಯಾರು? ಬೆಂಕಿ ಹಾಕಿದರೆ 16ಕ್ಕೇ ಅಪಾಯ, ಆದರೆ ಒದ್ದೆ ಬಟ್ಟೆ ಒಣಗುತ್ತದೆ. (ಇದು ನಮ್ಮನೆ ನಿಯಮ.) ಅಲ್ಲಿಂದ ಅವರವರಲ್ಲೇ ಜಗಳ ಶುರು. ನಾನು ಆರಾಮಾಗಿ ಚಾ ಕುಡಿಯುತ್ತೇನೆ.

ಅಪಾಯ ಅಂದ್ರೆ ರಾಕ್ಷಸನೇ ಬರಬೇಕಂತಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಕಾಡು ಹೊಕ್ಕವರಿಗೆ ಗೊತ್ತಲ್ವಾ? ಕಾಲಬೆರಳ ಸಂದಿಯಲ್ಲಿ ಉಂಬಳ, ಅವಲಕ್ಕಿ ಗಂಟು ಒದ್ದೆ, ಎದುರಿಗೆ ತುಂಬಿದ ಹಳ್ಳ. ಅದನ್ನೇ ಆಟಕ್ಕೆ ತನ್ನಿ.

ಡಿ ಅಂಡ್ ಡಿಯ ಐದನೇ ಆವೃತ್ತಿ ಆಡುವವರು ಒಂದು ನಿಯಮ ಮರೀಬೇಡಿ. ದಿನಕ್ಕೆ 8 ಗಂಟೆ ಮೀರಿ ನಡೆದರೆ, ಮುಂದಿನ ಪ್ರತಿ ಗಂಟೆಗೂ ದೇಹಶಕ್ತಿಯ (ಕಾನ್‌ಸ್ಟಿಟ್ಯೂಷನ್) ದಾಳ. ಸೋತರೆ ಒಂದು ಹಂತ ದಣಿವು. 6ನೇ ಹಂತಕ್ಕೆ ಸಾವು. ನಮ್ಮ ಮಾಂತ್ರಿಕ ಈಗ ಮೂರರಲ್ಲಿದ್ದಾನೆ, ಇನ್ನೂ ನಡೆಯೋಣ ಅಂತಿದ್ದಾನೆ.